ಲಾಂಡ್ರಿ ತಂಡಕ್ಕೆ ಬಂದ ಸೊಸೆ

ಅವಳು ಮೊದಲ ಸಲ ಆ ಮನೆಗೆ ಹೋದ ದಿನ ಅತ್ತೆಯಾಗಬೇಕಾದವಳು ಓದು ಕೇಳಲಿಲ್ಲ, ಕೆಲಸ ಕೇಳಲಿಲ್ಲ, ಹೆತ್ತವರ ವಿಚಾರವನ್ನೂ ಎತ್ತಲಿಲ್ಲ. ಬಾಗಿಲಲ್ಲಿ ನಿಂತವಳನ್ನು ಕಾಲಿನಿಂದ ಶುರುಮಾಡಿ ನಿಧಾನವಾಗಿ ಕತ್ತೆತ್ತುತ್ತ ನೋಡಿದಳು. ನೋಡಿ ಮುಗಿಯಲು ತುಸು ಹೊತ್ತೇ ಹಿಡಿಯಿತು, ಏಕೆಂದರೆ ಹುಡುಗಿ ಆರಡಿಗಿಂತ ಎತ್ತರ. ಆಮೇಲೆ, "ಆ ಬೀರು ಮೇಲಿರೋ ಪೆಟ್ಟಿಗೆ ಇಳಿಸಿಕೊಡ್ತೀಯಾ?" ಎಂದಳು. ಹುಡುಗಿ ಸ್ಟೂಲಿನ ಹಂಗಿಲ್ಲದೆ, ಹಿಮ್ಮಡಿಯನ್ನೂ ಎತ್ತದೆ ಪೆಟ್ಟಿಗೆ ಇಳಿಸಿ ಮೇಜಿನ ಮೇಲಿಟ್ಟಳು. ಅದನ್ನು ಯಾರೂ ತೆರೆಯಲಿಲ್ಲ. "ಸರಿ, ಈಗ ವಾಪಸ್ ಇಡು" ಎಂದಳು ಹೆಂಗಸು.

ಆರು ತಿಂಗಳಿಂದ ಮಗ ಮದುವೆಯ ಮಾತೆತ್ತಿದಾಗಲೆಲ್ಲ "ಇನ್ನೂ ಸ್ವಲ್ಪ ದಿನ ಹೋಗಲಿ" ಎಂದು ತಳ್ಳುತ್ತ ಬಂದಿದ್ದವಳು ಅವತ್ತು ಸಂಜೆಯೇ ಒಪ್ಪಿದಳು. ಮಗನಿಗೆ ಖುಷಿಯಾಯಿತು, ಅರ್ಥ ಮಾತ್ರ ಆಗಲಿಲ್ಲ. ಅವನದು ಬೀಗ ರಿಪೇರಿಯ ಸಣ್ಣ ಅಂಗಡಿ. "ಊರಲ್ಲಿರೋ ಬೀಗ ಎಲ್ಲ ತೆಗೀತೀನಿ, ನಮ್ಮಮ್ಮನ ಬಾಯಿಗೆ ಮಾತ್ರ ಇನ್ನೂ ಕೀಲಿ ಸಿಕ್ಕಿಲ್ಲ" ಎಂದು ಅವನು ಹೇಳುತ್ತಿದ್ದ. ಹುಡುಗಿ ಅದನ್ನು ಕೇಳಿ ನಕ್ಕಿದ್ದಳು. ಮದುವೆಯಾಗಿ ಆ ಮನೆಗೆ ಬಂದ ಮೇಲೆ ನಗು ಕಡಿಮೆಯಾಯಿತು.

ಸೊಸೆ ಪಾರ್ಸೆಲ್ ಗೋದಾಮಿನಲ್ಲಿ ಕೆಲಸಕ್ಕಿದ್ದಳು. ಬೇರೆಯವರು ಏಣಿ ತರಬೇಕಾದ ಕಪಾಟಿಗೆ ಅವಳ ಕೈ ಹಾಗೇ ಎಟುಕುತ್ತಿತ್ತು. ಅಲ್ಲಿ ಅವಳ ಹೆಸರೇ ಏಣಿ ಎಂದಾಗಿತ್ತು. ಚಿಕ್ಕಂದಿನಿಂದ ಅವಳಿಗೆ ಬಾಗಿ ನಡೆಯುವ ಅಭ್ಯಾಸ. ಬಾಗಿಲು ಕಂಡರೆ ಬಾಗು, ಬಸ್ಸಿನಲ್ಲಿ ಬಾಗು, ಕುಳ್ಳಗಿನವರ ಜತೆ ಮಾತಾಡುವಾಗ ಬಾಗು. ಗಂಡ ಅವಳ ಭುಜಕ್ಕೆ ಬರುತ್ತಿದ್ದ, ಅತ್ತೆ ಮೊಣಕೈಗಿಂತ ಸ್ವಲ್ಪ ಮೇಲಕ್ಕೆ. ಆ ಮನೆಯ ಅಡುಗೆಮನೆಯಲ್ಲಿ ಮೇಜಿನ ಮೇಲೆ ಒಂದು ದೀಪ ತಗ್ಗಾಗಿ ತೂಗುಬಿದ್ದಿತ್ತು. ಅತ್ತೆ ಒಲೆಯ ಹತ್ತಿರ ಬೆಳಕಿನಲ್ಲಿ ನಿಂತರೆ, ಸೊಸೆಯ ಮುಖ ದೀಪದ ಮುಚ್ಚಳದ ಮೇಲಿನ ಕತ್ತಲೆಯಲ್ಲಿರುತ್ತಿತ್ತು.

ಮಾತು ಮಾತ್ರ ಹುಟ್ಟುತ್ತಿರಲಿಲ್ಲ. "ಇವತ್ತು ಕೆಲಸ ಜಾಸ್ತಿ ಇತ್ತಾ ಅತ್ತೆ?" ಎಂದರೆ "ಹ್ಞೂಂ". "ಈ ಬಟ್ಟೆ ಮಡಚಿಡಲಾ?" ಎಂದರೆ "ಹ್ಞೂಂ". ಸೊಸೆ ನಕ್ಕರೆ ಅತ್ತೆ ನಗುತ್ತಿರಲಿಲ್ಲ. ಸೊಸೆ ಮುಖ ಸಣ್ಣ ಮಾಡಿಕೊಂಡರೂ ಅತ್ತೆ ಏನಾಯಿತು ಎಂದು ಕೇಳುತ್ತಿರಲಿಲ್ಲ. ಅತ್ತೆ ತಾನಾಗಿ ಬಾಯಿ ಬಿಡುತ್ತಿದ್ದದ್ದು ಹಾಲು ಉಕ್ಕುವಾಗ, ನಲ್ಲಿ ನಿಲ್ಲಿಸದೆ ಬಿಟ್ಟಾಗ, ಇಂಥ ಹೊತ್ತಿನಲ್ಲಿ ಮಾತ್ರ. ನನ್ನಿಂದ ಏನು ತಪ್ಪಾಗಿದೆ ಎಂದು ಸೊಸೆ ಎಷ್ಟೋ ದಿನ ಹುಡುಕಿದಳು. ಹುಡುಕಿದಷ್ಟೂ ತಲೆ ಕೆಟ್ಟಿತು.

ಮದುವೆಯಾಗಿ ಒಂದು ತಿಂಗಳಾಗಿರಬೇಕು. ಒಂದು ಸಂಜೆ ಅತ್ತೆ ಅವಳ ಕೋಣೆಯ ಬಾಗಿಲಲ್ಲಿ ಒಂದು ಜೊತೆ ಕ್ಯಾನ್ವಾಸ್ ಶೂ ಇಟ್ಟು, "ಹಾಕ್ಕೊಂಡು ಬಾ" ಎಂದಳು. ಎಲ್ಲಿಗೆ, ಯಾಕೆ ಎಂದು ಹೇಳಲಿಲ್ಲ. ಸೊಸೆಯ ಕಾಲಿಗೆ ಅಂಗಡಿಯಲ್ಲಿ ಸುಲಭಕ್ಕೆ ಶೂ ಸಿಗುವುದಿಲ್ಲ. ಇವು ಅಳತೆ ಕೊಟ್ಟು ಮಾಡಿಸಿದಂತೆ ಕೂತವು.

ಅತ್ತೆ ಕೆಲಸ ಮಾಡುತ್ತಿದ್ದದ್ದು ಒಂದು ದೊಡ್ಡ ಲಾಂಡ್ರಿಯಲ್ಲಿ. ಹೋಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತಿತ್ತು. ಸ್ಟೀಮ್ ಇಸ್ತ್ರಿಯ ವಿಭಾಗಕ್ಕೆ ಅವಳೇ ಹಿರಿಯಳು. ಆ ಕಟ್ಟಡದ ಹಿಂದೆ ಒಂದು ಬ್ಯಾಸ್ಕೆಟ್‌ಬಾಲ್ ಅಂಗಳವಿದೆ ಎಂಬುದು ಸೊಸೆಗೆ ಅವತ್ತೇ ಗೊತ್ತಾದದ್ದು. ಸುತ್ತ ತಂತಿಬೇಲಿ, ನೆಲಕ್ಕೆ ಡಾಂಬರು, ಒಂದು ಬದಿಯ ರಿಂಗು ಸ್ವಲ್ಪ ಜೋತುಬಿದ್ದಿತ್ತು. ಗೋಡೆಯ ಕಿಂಡಿಗಳಿಂದ ಸೋಪಿನ ವಾಸನೆಯ ಬಿಸಿಗಾಳಿ ಬರುತ್ತಿತ್ತು. ಐದಾರು ಹೆಂಗಸರು ಕೆಲಸದ ಬಟ್ಟೆಯ ಮೇಲೇ ಚೆಂಡು ಬಡಿಯುತ್ತಿದ್ದರು. ಐವತ್ತಾರರ ಅತ್ತೆ ಕೂದಲನ್ನು ಬಿಗಿದು ಕಟ್ಟಿ, ಚೆಂಡು ತೆಗೆದುಕೊಂಡು, ಒಬ್ಬಳನ್ನು ಎಡಕ್ಕೆ ನಂಬಿಸಿ ಬಲಕ್ಕೆ ನುಗ್ಗಿದಳು. ಸೊಸೆ ಬಾಯಿ ತೆರೆದು ನಿಂತಳು.

"ಏನೇ ನೋಡ್ತಾ ನಿಂತೆ? ಬಾ ಒಳಗೆ. ಬೆನ್ನು ನೆಟ್ಟಗೆ ಮಾಡು. ಕೊಟ್ಟಿರೋ ಎತ್ತರಾನ ಯಾರಿಗೆ ಅಂತ ಬಚ್ಚಿಟ್ಟಿದ್ದೀಯ?" ಎಂದು ಅತ್ತೆ ಕೂಗಿದಳು. ಒಂದು ತಿಂಗಳಲ್ಲಿ ಅವಳು ಸೊಸೆಯ ಜತೆ ಆಡಿದ ಅತಿ ಉದ್ದದ ಮಾತು ಅದು.

ಆಟ ಹೇಳಿಕೊಡುವ ಕೆಲಸ ಗುಂಡಿಯಕ್ಕನಿಗೆ ಬಿತ್ತು. ಲಾಂಡ್ರಿಗೆ ಬಂದ ಬಟ್ಟೆಯಲ್ಲಿ ಕಿತ್ತುಹೋದ ಗುಂಡಿ ಹೊಲಿಯುವವಳಾದ್ದರಿಂದ ಆ ಹೆಸರು.

"ಚೆಂಡು ಹಿಡ್ಕೊಂಡು ನಡೀಬಾರದು. ನೆಲಕ್ಕೆ ಬಡೀತಾನೇ ಹೋಗ್ಬೇಕು" ಎಂದಳು ಗುಂಡಿಯಕ್ಕ. "ಒಂದ್ಸಲ ಬಡಿಯೋದು ನಿಲ್ಸಿ ಕೈಯಲ್ಲಿ ಹಿಡಿದ್ರೆ ಮತ್ತೆ ಬಡೀಬಾರದು."

"ಮತ್ತೆ ಏನು ಮಾಡೋದು?"

"ಯಾರಿಗಾದ್ರೂ ಕೊಡು, ಇಲ್ಲ ಬುಟ್ಟಿಗೆ ಹಾಕು."

"ನಾನು ಬುಟ್ಟಿ ಕೆಳಗೇ ನಿಂತುಬಿಟ್ರೆ?"

"ಆ ಬಣ್ಣ ಬಳಿದಿರೋ ಜಾಗದಲ್ಲಿ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲೋ ಹಾಗಿಲ್ಲ. ನಿಂತ್ರೆ ಸೀಟಿ."

"ಯಾರನ್ನಾದ್ರೂ ಮುಟ್ಟಿದ್ರೆ?"

"ಸೀಟಿ."

"ಅವರೆಲ್ಲ ನನ್ನ ತಳ್ತಾನೇ ಇದ್ದಾರಲ್ಲ?"

"ಅದು ಆಟ" ಎಂದಳು ಗುಂಡಿಯಕ್ಕ.

ಸೊಸೆ ಅಂದು ಓಡಬೇಕಾದಾಗ ನಿಂತಳು, ನಿಲ್ಲಬೇಕಾದಾಗ ಓಡಿದಳು. ಹಾಗಿದ್ದೂ ಅತ್ತೆ ಮತ್ತೆ ಮತ್ತೆ ಚೆಂಡನ್ನು ಅವಳಿಗೇ ಎಸೆದಳು. ಎದೆಗೆ, ಭುಜಕ್ಕೆ, ಒಮ್ಮೆ ಮೂಗಿಗೂ ಬಡಿಯಿತು. ಬಿಡದೆ ಬಯ್ದಳು, ಬಯ್ಯುತ್ತಲೇ ಹುರಿದುಂಬಿಸಿದಳು. ಸೊಸೆ ಹಾಕಿದ ಒಂದೇ ಒಂದು ಬುಟ್ಟಿಗೆ "ಭೇಷ್" ಎಂದಳು. ಇನ್ನು ಮೌನ ಮುರಿಯಿತು ಎಂದುಕೊಂಡು ಸೊಸೆ ಮನೆಗೆ ಹೋಗುವ ದಾರಿಯುದ್ದಕ್ಕೂ ಮಾತಾಡಿದಳು. ಅಡುಗೆಮನೆಯ ದೀಪದ ಕೆಳಗೆ ಬಂದದ್ದೇ ತಡ, ಅತ್ತೆ ಮತ್ತೆ "ಹ್ಞೂಂ" ಎಂದಳು. ಅಂಗಳದಲ್ಲಿ ಕೂಗಿದವಳು ಇವಳೇ ಹೌದೋ ಅಲ್ಲವೋ ಎಂದು ಸೊಸೆಗೆ ಅನುಮಾನ ಬಂತು.

ಹೀಗೇ ಕೆಲವು ವಾರ ನಡೆಯಿತು. ಸೊಸೆಗೆ ಆಟ ಅರ್ಧಂಬರ್ಧ ತಿಳಿಯಿತು, ಅತ್ತೆ ಅಷ್ಟೂ ತಿಳಿಯಲಿಲ್ಲ. ಊರಿನ ಕಾರ್ಖಾನೆ, ಡಿಪೋ, ಅಂಗಡಿಗಳ ಹೆಂಗಸರ ತಂಡಗಳ ನಡುವೆ ಪ್ರತಿವರ್ಷ ಪಂದ್ಯಗಳಾಗುತ್ತಿದ್ದವು. ಅವು ಶುರುವಾಗುವ ಮುಂಚಿನ ದಿನ ಗುಂಡಿಯಕ್ಕ ಶೂ ಬಿಚ್ಚುತ್ತ ಮಾತಿಗೆ ಮಾತು ಬಂದು, "ನಿನ್ನ ಗಂಡ ಸರಿಯಾದ ಟೈಮಿಗೆ ಮದುವೆಯಾದ ಬಿಡು" ಎಂದಳು. "ನಮ್ಮಲ್ಲಿ ಕೆಲಸ ಮಾಡೋರು, ಇಲ್ಲ ಅವರ ಮನೆಯವರು ಮಾತ್ರ ಆಡಬಹುದು. ಪಾರ್ಸೆಲ್ ಗೋದಾಮಿನ ಹುಡುಗೀನ ಹಾಗೇ ತಂದು ನಿಲ್ಸೋಕೆ ಆಗುತ್ತಾ? ಸೊಸೆ ಆದ್ರೆ ಆಗುತ್ತೆ."

ಸೊಸೆ ಅರ್ಧ ಬಿಚ್ಚಿದ ಶೂ ಮತ್ತೆ ಬಿಗಿದು ಎದ್ದಳು. ಮನೆಗೆ ಬಂದು ಗಂಡನನ್ನು ಕೋಣೆಗೆ ಕರೆದು ಕೇಳಿದಳು.

"ನಿಮ್ಮಮ್ಮ ನೋಡಿದ್ದು ಸೊಸೇನಾ, ಬುಟ್ಟಿ ಹತ್ರ ಸೆಂಟರ್ ಆಡೋ ಉದ್ದದೋಳನ್ನಾ?"

ಅವನು ಕೈಯಲ್ಲಿದ್ದ ಕೀಲಿ ಉಜ್ಜುವ ಅರವನ್ನು ಕೆಳಗಿಟ್ಟ. "ನಂಗೂ ಗೊತ್ತಿಲ್ಲ ಕಣೆ. ನಾನಂತೂ ಹೆಂಡತೀನೇ ನೋಡಿದ್ದು."

"ತಮಾಷೆ ಸಾಕು. ಹೋಗಿ ಕೇಳಿ."

"ನೀನೇ ಕೇಳು. ನಿನ್ನ ಜತೆ ಆದ್ರೂ ಅಂಗಳದಲ್ಲಿ ಮಾತಾಡ್ತಾಳೆ. ನನ್ನ ಜತೆ ಅದೂ ಇಲ್ಲ."

ಅವಳು ಹೋಗಿ ಅಡುಗೆಮನೆಯಲ್ಲಿ ಅತ್ತೆಯ ಎದುರು ನಿಂತಳು. "ಅತ್ತೆ, ಮನೆಯವರಾದ್ರೆ ಮಾತ್ರ ಆಡಬಹುದಂತೆ, ಹೌದಾ?" ಎಂದಳು. ಅತ್ತೆ ಕತ್ತೆತ್ತಿ, ಅವಳ ಮುಖವಿದ್ದ ಕಡೆ ನೋಡಿ, ಕಣ್ಣು ಕಿರಿದಾಗಿಸಿ, "ಹ್ಞೂಂ" ಎಂದು ಒಲೆಯ ಕಡೆ ತಿರುಗಿದಳು. ಸಿಟ್ಟೋ, ನಾಚಿಕೆಯೋ, ಏನೂ ತಿಳಿಯಲಿಲ್ಲ.

ಮೊದಲ ಎರಡು ಪಂದ್ಯಗಳನ್ನು ಲಾಂಡ್ರಿ ಗೆದ್ದಿತು. ಆದರೆ ತಂಡದೊಳಗೆ ಗುಸುಗುಸು ಶುರುವಾಗಿತ್ತು. ಗುಂಡಿಯಕ್ಕ ಮೂಲೆಯಲ್ಲಿ ಒಬ್ಬಳೇ ಖಾಲಿ ನಿಂತು ಕೈಯೆತ್ತಿದ್ದರೂ ಅತ್ತೆ ಅವಳಿಗೆ ಚೆಂಡು ಕೊಡುತ್ತಿರಲಿಲ್ಲ. ಇಬ್ಬರು ಸುತ್ತುವರಿದಿದ್ದ ಸೊಸೆಗೇ ಎಸೆಯುತ್ತಿದ್ದಳು. "ಸೊಸೆ ಮೋಹ ಅಂದ್ರೆ ಇದಪ್ಪ" ಎಂದು ಯಾರೋ ಅಂದರು. ಸೊಸೆಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಮನೆಯಲ್ಲಿ ಮುಖ ಕೊಟ್ಟು ಮಾತಾಡದವಳಿಗೆ ಇದೆಂಥ ಮೋಹ? ಒಂದು ಸಲ ಸೊಸೆ ಶೂ ದಾರ ಬಿಚ್ಚಿಕೊಂಡಿತೆಂದು ಗೆರೆಯಾಚೆ ಬಗ್ಗಿ ಕೂತಿದ್ದಾಗ, ಅತ್ತೆ ಚೆಂಡು ಹಿಡಿದು ಜಾತ್ರೆಯಲ್ಲಿ ಕೈತಪ್ಪಿದ ಮಗುವಿನಂತೆ ಅತ್ತಿತ್ತ ನೋಡಿ, ಕೊನೆಗೆ ರೆಫರಿಯ ಕೈಗೇ ಎಸೆದಳು. ಜನ ನಕ್ಕರು. ಅತ್ತೆಯೂ ನಕ್ಕಳು, ಆದರೆ ತುಸು ತಡವಾಗಿ.

ಮೂರನೆಯ ಪಂದ್ಯ ಬಸ್ ಡಿಪೋದವರ ಮೇಲೆ. ಅಂಗಳದ ಸುತ್ತ ಕಂಡಕ್ಟರುಗಳು, ಚಾಲಕರು, ಅವರ ಮಕ್ಕಳು ತುಂಬಿದ್ದರು. ಸೊಸೆಯ ಗಂಡನೂ ಅಂಗಡಿ ಮುಚ್ಚಿ ಬಂದು ಬೇಲಿಗೆ ಮೂಗು ತಾಗಿಸಿ ನಿಂತಿದ್ದ. ಡಿಪೋದವರು ಆ ವರ್ಷ ಹೊಸಬಳೊಬ್ಬಳನ್ನು ತಂದಿದ್ದರು. ಅವಳು ಕಂಡಕ್ಟರ್, ಸೊಸೆಯಷ್ಟೇ ಎತ್ತರ, ಸೊಸೆಯ ಹಾಗೇ ಸಪೂರ ಮೈ. ಲಾಂಡ್ರಿಯವರದು ಬಿಳಿ ಅಂಗಿ, ಡಿಪೋದವರದು ತಿಳಿ ಬೂದು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಅತ್ತೆ ಚೆಂಡು ಬಡಿಯುತ್ತ ಮುಂದೆ ಬಂದು, ಕತ್ತೆತ್ತಿ, ಎರಡೂ ಕೈಯಲ್ಲಿ ಸೊಗಸಾಗಿ ಎಸೆದಳು. ಚೆಂಡು ನೇರವಾಗಿ ಕಂಡಕ್ಟರ್ ಹುಡುಗಿಯ ಕೈಗೆ ಹೋಯಿತು. ಕಂಡಕ್ಟರ್ ತಬ್ಬಿಬ್ಬಾಗಿ ಒಂದು ಕ್ಷಣ ಚೆಂಡನ್ನೇ ನೋಡಿದಳು, ಆಮೇಲೆ ಓಡಿಹೋಗಿ ಬುಟ್ಟಿಗೆ ಹಾಕಿದಳು. ಕೈಜಾರಿರಬೇಕು ಎಂದು ಎಲ್ಲರೂ ಸುಮ್ಮನಾದರು. ಮತ್ತೆ ಹಾಗೇ ಆಯಿತು. ಮತ್ತೂ ಒಂದು ಸಲ ಆಯಿತು. "ಅಜ್ಜಿ ಟಿಕೆಟ್ ತಗೊಂಡಿದ್ದಾರೆ, ನಮ್ಮ ಬಸ್ಸು ಹತ್ತಲಿ ಬಿಡಿ" ಎಂದ ಒಬ್ಬ ಚಾಲಕ. ಬೇಲಿಯುದ್ದಕ್ಕೂ ನಗು ಹರಿಯಿತು.

ಸೊಸೆ ನಗಲಿಲ್ಲ. ಅಡುಗೆಮನೆಯಲ್ಲಿ ನಾನು ಹಾಗೆ ಕೇಳಿದ್ದಕ್ಕೆ ಇದು ಹಗೆ ತೀರಿಸಿಕೊಳ್ಳುವುದು ಎಂದು ಅವಳಿಗೆ ಅನಿಸಿತು. ಮರುಕ್ಷಣವೇ, ಹಗೆಗಾಗಿ ಈ ಹೆಂಗಸು ಪಂದ್ಯ ಬಿಟ್ಟುಕೊಡುತ್ತಾಳೆಯೇ ಎಂದೂ ಅನಿಸಿತು. ಮಗನನ್ನು ಬೇಕಾದರೆ ಬಿಟ್ಟುಕೊಟ್ಟಾಳು, ಪಂದ್ಯವನ್ನಲ್ಲ. ಯೋಚಿಸುತ್ತ ನಿಂತವಳ ಮೇಲೆ ಸೀಟಿ ಬಿತ್ತು.

ವಿರಾಮದಲ್ಲಿ ಅತ್ತೆ ಕಟ್ಟಡದ ಮೂಲೆಯ ನಲ್ಲಿಗೆ ಹೋಗಿ ಮುಖ ತೊಳೆಯುತ್ತಿದ್ದಳು. ಸೊಸೆ ಹಿಂದೆಯೇ ಹೋದಳು. ಇವತ್ತು ಇತ್ಯರ್ಥ ಆಗಲೇಬೇಕು ಎಂದು ಅವಳಿಗೆ ಎಲ್ಲಿಲ್ಲದ ಧೈರ್ಯ ಬಂದಿತ್ತು.

"ಅತ್ತೆ, ನನ್ನ ಮೇಲೆ ಕೋಪ ಇದ್ರೆ ಮನೇಲಿ ಬಯ್ಯಿರಿ. ಇಲ್ಲಿ ಯಾಕೆ ಹೀಗೆ ಮಾಡ್ತೀರಿ?"

"ಯಾವ ಕೋಪ?"

"ಚೆಂಡನ್ನ ಅವಳಿಗೆ ಕೊಡ್ತಾ ಇದ್ದೀರಲ್ಲ."

ಅತ್ತೆ ಸೆರಗು ಹುಡುಕುವವಳಂತೆ ಅಂಗಿಯ ತುದಿ ಹಿಡಿದು ಮುಖ ಒರೆಸಿಕೊಂಡಳು. ಒರೆಸುವುದು ಮುಗಿದರೂ ಬಟ್ಟೆಯನ್ನು ಮುಖದಿಂದ ತೆಗೆಯಲಿಲ್ಲ. "ನೀವಿಬ್ರೂ ಒಂದೇ ಥರ ಕಾಣ್ತೀರ ಕಣೆ" ಎಂದಳು ಒಳಗಿನಿಂದ.

"ಒಂದೇ ಥರ ಅಂದ್ರೆ?"

"ಅಂದ್ರೆ ಒಂದೇ ಥರ. ಕೈಯಲ್ಲಿರೋ ಚೆಂಡು ಕಾಣುತ್ತೆ, ಎದುರಿಗೆ ಬಂದು ಅಡ್ಡ ಹಾಕೋಳು ಕಾಣ್ತಾಳೆ. ಅದರಾಚೆಗೆ ಎಲ್ಲ ಹಬೆ. ನಮ್ಮ ಇಸ್ತ್ರಿ ಕೋಣೇಲಿ ಇರುತ್ತಲ್ಲ, ಹಾಗೆ. ಯಾರು ಗುಂಡಿ, ಯಾರು ಯಾರು ಅಂತ ಗೊತ್ತಾಗಲ್ಲ. ಆ ಹಬೇಲಿ ನೀನೊಬ್ಬಳು ಉದ್ದಕ್ಕೆ ಕಾಣ್ತಿದ್ದೆ. ಇವತ್ತು ಎರಡು ಉದ್ದ ಇದೆ."

ಸೊಸೆ ಅವಳ ಮುಖದ ಎತ್ತರಕ್ಕೆ ಬಗ್ಗಿದಳು. "ಎಷ್ಟು ದಿನದಿಂದ?" ಎಂದಳು.

"ಎರಡು ವರ್ಷ ಆಗಿರಬಹುದು. ಹೇಳಿದ್ರೆ ಸ್ಟೀಮಿನ ಹತ್ರ ಬಿಡ್ತಾರಾ? ಇಲ್ಲಿ ಆಡೋಕೆ ಬಿಡ್ತಾರಾ?"

"ಮತ್ತೆ ಮನೇಲಿ ಮಾತಾಡದೆ ಇದ್ದದ್ದು?"

"ಮುಖ ಕಾಣದೆ ಏನು ಮಾತಾಡೋದು? ನಿನ್ನ ಮುಖ ಎಲ್ಲೋ ದೀಪದಾಚೆ ಇರುತ್ತೆ. ನೀನು ನಗ್ತಿದ್ದೀಯೋ, ಉರಿದುಬೀಳ್ತಿದ್ದೀಯೋ ನಂಗೇನು ಗೊತ್ತು? ಹೊಸ ಸೊಸೆ. ತಪ್ಪಾಗಿ ನಕ್ಕುಬಿಟ್ರೆ ಕಷ್ಟ. ಹ್ಞೂಂ ಅಂದ್ರೆ ಎಲ್ಲದಕ್ಕೂ ನಡೆಯುತ್ತೆ."

ಅಂಗಳದಿಂದ ಸೀಟಿ ಕರೆಯಿತು. ಸೊಸೆ ಇನ್ನೊಂದೇ ಪ್ರಶ್ನೆ ಕೇಳಿದಳು. "ಹಾಗಾದ್ರೆ ಮದುವೆಗೆ ಒಪ್ಪಿದ್ದು ಇದಕ್ಕೇನಾ?"

ಅತ್ತೆ ಬಟ್ಟೆ ತೆಗೆದು ಮೇಲೆ ನೋಡಿದಳು. "ಗೊತ್ತಿಲ್ಲ ಕಣೆ" ಎಂದಳು. "ಮೊದಮೊದಲು ಇದಕ್ಕೇ ಇರಬಹುದು. ಆಮೇಲೆ ಯಾವುದಕ್ಕೆ ಅಂತ ನನಗೂ ಸರಿಯಾಗಿ ಗೊತ್ತಿಲ್ಲ." ಅಷ್ಟು ಹೇಳಿ ಅಂಗಳದ ಕಡೆ ನಡೆದಳು. ಸೊಸೆ ಬೇಲಿಯ ತನಕ ಅವಳ ಮೊಣಕೈ ಹಿಡಿದುಕೊಂಡು ಹೋದಳು, ಯಾರಿಗೂ ಕಾಣದ ಹಾಗೆ.

ಇನ್ನು ಕೂಗದೆ ವಿಧಿಯಿರಲಿಲ್ಲ. ಜನ್ಮದಲ್ಲಿ ದನಿಯೆತ್ತಿದವಳಲ್ಲ, ಮೊದಲ ಸಲ ಅರ್ಧ ಗಂಟಲಲ್ಲೇ "ಅತ್ತೆ, ಇಲ್ಲಿ" ಎಂದಳು. ಚೆಂಡು ಬಂತು. ಬುಟ್ಟಿಯೂ ಆಯಿತು. ಇನ್ನೊಂದು ಸಲ ಜೋರಾಗಿ ಕೂಗಿದಳು, ಮತ್ತೆ ಬಂತು. ಲಾಂಡ್ರಿಯವರು ಒಂದೊಂದೇ ಬುಟ್ಟಿಯಾಗಿ ಹತ್ತಿರ ಬಂದರು. ಆದರೆ ಡಿಪೋದ ಕಂಡಕ್ಟರ್ ದಿನವಿಡೀ ನೂರಾರು ಜನರ ನಡುವೆ ಕಿವಿ ಚುರುಕಾಗಿಟ್ಟುಕೊಂಡವಳು. ಅವಳಿಗೆ ಸೂಕ್ಷ್ಮ ಹೊಳೆಯಿತು. ಮುಂದಿನ ಸಲ ಅತ್ತೆ ಚೆಂಡು ಹಿಡಿದಾಗ ಅವಳೂ ಇಂಪಾಗಿ "ಅತ್ತೆ, ಇಲ್ಲಿ" ಎಂದಳು. ಅತ್ತೆ ಅವಳಿಗೇ ಕೊಟ್ಟಳು. ಬೇಲಿಯಾಚೆಯ ಜನಕ್ಕೆ ಹಬ್ಬವಾಯಿತು. ಒಬ್ಬರಲ್ಲ ಒಬ್ಬರು "ಅತ್ತೆ, ಇಲ್ಲಿ", "ಅತ್ತೆ, ನಾನು ಇಲ್ಲಿದ್ದೀನಿ" ಎಂದು ಕೂಗತೊಡಗಿದರು. ಊರಿಗೆ ಊರೇ ಸೊಸೆಯಾಯಿತು. ನಡುವೆ ಅತ್ತೆ ಚೆಂಡು ಬಡಿಯುತ್ತ, ಒಂದೊಂದು ದನಿಗೂ ತಲೆ ತಿರುಗಿಸುತ್ತ ನಿಂತಳು. ಅವಳ ಕಣ್ಣುಗಳಲ್ಲಿ ಇದ್ದ ಗಾಬರಿ ಈಗ ಸೊಸೆಗೆ ಓದಲು ಬರುತ್ತಿತ್ತು.

ಸೊಸೆಗೆ ಏನು ಹೇಳುವುದೆಂದೇ ಹೊಳೆಯಲಿಲ್ಲ. ಬಾಯಿಗೆ ಬಂದದ್ದನ್ನು ಕೂಗಿದಳು. "ಅತ್ತೆ, ಹಾಲು ಉಕ್ತಾ ಇದೆ."

ಅತ್ತೆ ಗರ್ರನೆ ತಿರುಗಿ ಆ ದನಿಯ ಕಡೆಗೆ ಚೆಂಡು ಎಸೆದಳು. ಎಸೆದ ಮೇಲೆ ತಾನೇ ನಕ್ಕಳು. ಆಮೇಲೆ ಉಳಿದಷ್ಟು ಹೊತ್ತು ಸೊಸೆ ನಲ್ಲಿ ನಿಲ್ಲಿಸಿಲ್ಲ ಎಂದಳು, ಕಿಟಕಿ ಹಾಕಿಲ್ಲ ಎಂದಳು, ಒಗೆದ ಬಟ್ಟೆ ನೆಲಕ್ಕೆ ಬಿತ್ತು ಎಂದಳು. ಡಿಪೋದವರಿಗೆ ತಲೆಬುಡ ತಿಳಿಯಲಿಲ್ಲ. ರೆಫರಿ ಇದಕ್ಕೆ ಸೀಟಿ ಊದಬೇಕೋ ಬೇಡವೋ ಎಂದು ಸೀಟಿಯನ್ನು ಬಾಯಿಗಿಟ್ಟು ತೆಗೆದ. ಗುಂಡಿಯಕ್ಕ ಮಾತ್ರ ನಗುವುದನ್ನು ನಿಲ್ಲಿಸಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಿತ್ತು.

ಇಷ್ಟಾದರೂ ಲಾಂಡ್ರಿ ಸೋತಿತು. ಕೊನೆಯ ಚೆಂಡು ಸೊಸೆಯ ಕೈಗೇ ಬಂದಿತ್ತು. ಹಿಡಿದವಳು ಬಡಿಯುವುದನ್ನು ಮರೆತು ನಡೆದುಬಿಟ್ಟಳು.

ಮನೆಗೆ ಬರುವ ದಾರಿಯಲ್ಲಿ ಸೊಸೆ ಗಂಡನಿಗೆ ಎಲ್ಲ ಹೇಳಿದಳು. ಕೀಲಿಯ ಹಲ್ಲನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆಯುವವನು ತಾಯಿಯ ಕಣ್ಣು ನೋಡಿರಲಿಲ್ಲ, ಬೀದಿಯಲ್ಲೇ ನಿಂತುಬಿಟ್ಟ. ಮುಂದಿನ ವಾರ ಡಾಕ್ಟರು ಎರಡೂ ಕಣ್ಣಲ್ಲಿ ಪೊರೆ ಬಂದಿದೆ ಎಂದರು, ಆಮೇಲೆ ಕೆಲವು ವಾರ ಬಿಟ್ಟು ಒಂದೊಂದಾಗಿ ಆ ಪೊರೆ ತೆಗೆದರು. ಕಣ್ಣು ಗುಣವಾಗುವ ತನಕ ಲಾಂಡ್ರಿಯವರು ಅತ್ತೆಯನ್ನು ಬಟ್ಟೆ ಮಡಚುವಲ್ಲಿ ಕೂರಿಸಿದರು. ಅಲ್ಲಿ ಸ್ಟೀಮು ಇಲ್ಲ, ಹರಟೆ ಇದೆ ಎಂದು ಅವಳು ಅಷ್ಟೇನೂ ಬೇಸರ ಮಾಡಿಕೊಳ್ಳಲಿಲ್ಲ.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅತ್ತೆ ಸೊಸೆಯನ್ನು ಕಿಟಕಿಯ ಬೆಳಕಿಗೆ ಕೂರಿಸಿ ನೋಡಿದಳು. "ಗಲ್ಲದ ಮೇಲೆ ಮಚ್ಚೆ ಇದೆ" ಎಂದಳು. "ಇಷ್ಟು ಚಿಕ್ಕ ವಯಸ್ಸಾ ನಿಂದು? ನೀನು ಇನ್ನೂ ದೊಡ್ಡವಳು ಅಂದ್ಕೊಂಡಿದ್ದೆ." ಅವತ್ತಿನಿಂದ ಅವಳ ಬಾಯಿಗೆ ಬಿಡುವಿಲ್ಲ. ಬೆಳಿಗ್ಗೆ ಶುರುವಾದರೆ ಲಾಂಡ್ರಿಯ ಕಥೆ, ನೆರೆಮನೆಯ ಕಥೆ, ತೀರಿಹೋದ ಗಂಡನ ಗೊರಕೆಯ ಕಥೆ. ಸೊಸೆ ಕೆಲವೊಮ್ಮೆ ಸುಸ್ತಾಗಿ "ಹ್ಞೂಂ" ಎನ್ನುವಳು.

ಆದರೆ ಅಂಗಳದಲ್ಲಿ ಬೇರೆಯೇ ಆಯಿತು. ಕಣ್ಣು ಬಂದ ಮೇಲಿನ ಮೊದಲ ಅಭ್ಯಾಸದ ದಿನ ಅತ್ತೆ ಗೆರೆಯಾಚೆ ನಿಂತು ಸೊಸೆಯ ಆಟವನ್ನು ನೋಡಿದಳು. ನೋಡುತ್ತ ನೋಡುತ್ತ ಅವಳ ಹುಬ್ಬು ಮೇಲೇರಿತು.

"ನೀನು ಯಾವಾಗಲೂ ಹೀಗೇ ಆಡ್ತಿದ್ಯಾ?"

"ಹೌದು ಅತ್ತೆ."

"ಹೀಗೆ ಆಡೋಳಿಗೆ ನಾನು ಚೆಂಡು ಕೊಡ್ತಿದ್ನಾ?"

ಆಮೇಲೆ ಅತ್ತೆ ಆಡಿದ ಮೊದಲ ಪಂದ್ಯದಲ್ಲಿ ಗುಂಡಿಯಕ್ಕ ಮೂಲೆಯಿಂದ ಬುಟ್ಟಿಯ ಮೇಲೆ ಬುಟ್ಟಿ ಹಾಕಿದಳು. ಅತ್ತೆಗೆ ಈಗ ಎಲ್ಲರೂ ಕಾಣುತ್ತಿದ್ದರು. ಸೊಸೆ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತಿದ್ದಳು. ಲಾಂಡ್ರಿ ಗೆದ್ದಿತು, ಅವಳೂ ಚಪ್ಪಾಳೆ ತಟ್ಟಿದಳು. ಆಡಬೇಕೆಂದು ತಾನಾಗಿ ಎಂದೂ ಬಯಸದಿದ್ದವಳಿಗೆ ಬೆಂಚು ಯಾಕೆ ಚುಚ್ಚಬೇಕು? ಇದು ಸೋಲೋ ಗೆಲುವೋ, ತನ್ನನ್ನು ಬಿಟ್ಟರೋ ಸೇರಿಸಿಕೊಂಡರೋ, ಅವಳಿಗೆ ಬಗೆಹರಿಯಲಿಲ್ಲ.

ಮರುದಿನ ಗೋದಾಮಿನ ಕೆಲಸಕ್ಕೆ ಮುಂಚೆ ಅವಳು ಒಬ್ಬಳೇ ಅಂಗಳಕ್ಕೆ ಹೋದಳು. ನೆಟ್ಟಗೆ ನಿಂತು ಎಸೆದಳು, ತಪ್ಪಿತು. ಹೋಗಿ ಹೆಕ್ಕಿ ತಂದು ಮತ್ತೆ ಎಸೆದಳು. ಒಂದಷ್ಟು ದಿನ ಹಾಗೇ ನಡೆಸಿದಳು, ಮನೆಯಲ್ಲಿ ಹೇಳಲಿಲ್ಲ. ಒಂದು ಬೆಳಿಗ್ಗೆ ನೋಡುತ್ತಾಳೆ, ಅತ್ತೆ ಬೇಲಿಯ ಹತ್ತಿರ ಕೈಕಟ್ಟಿ ನಿಂತಿದ್ದಾಳೆ.

"ಮಣಿಕಟ್ಟು ಬಗ್ಗಿಸು" ಎಂದಳು ಅತ್ತೆ. "ಚೆಂಡನ್ನ ದೂಡಬೇಡ, ಬಿಡು." ಒಳಗೆ ಬಂದು ಅವಳ ಕೈ ಹಿಡಿದು ತೋರಿಸಿದಳು, ಅವಳಿಗೆ ಎಟುಕಲೆಂದು ಸೊಸೆ ಮೊಣಕಾಲೂರಬೇಕಾಯಿತು.

ಅವತ್ತು ಸಂಜೆ ಗಂಡ ಅಂಗಡಿಯಿಂದ ಬಂದು ಮೆಲ್ಲಗೆ ಕೇಳಿದ: "ಅಮ್ಮ ನಿನ್ನ ಮುಂದಿನ ಪಂದ್ಯಕ್ಕೆ ಆಡಿಸ್ತಾಳಂತಾ?"

"ಗೊತ್ತಿಲ್ಲ."

"ಹೋಗಲಿ, ನಿನ್ನ ಕಂಡ್ರೆ ಅವಳಿಗೆ ಇಷ್ಟಾನಾ? ಅದಾದ್ರೂ ಗೊತ್ತಾಯ್ತಾ?"

ಸೊಸೆ ಅಡುಗೆಮನೆಯ ಕಡೆ ನೋಡಿದಳು. ಒಳಗೆ ಅತ್ತೆ ಯಾರೂ ಇಲ್ಲದಿದ್ದರೂ ಏನೋ ಹೇಳುತ್ತಲೇ ಇದ್ದಳು. "ಅದೂ ಸರಿಯಾಗಿ ಗೊತ್ತಿಲ್ಲ" ಎಂದಳು. "ನಾಳೆ ಬೆಳಿಗ್ಗೆ ಎಡಗೈಲಿ ಎಸೆಯೋದು ಹೇಳಿಕೊಡ್ತಾರಂತೆ. ಬೇಗ ಮಲಗಬೇಕು."